ಕಂಪ್ಯೂಟರ್ ಬರಲ್ಲ, ಮನೆ ತಿಂಡಿ ವ್ಯಾಪಾರಕ್ಕೆ ಎಐ ಉಪಯೋಗಕ್ಕೆ ಬರುತ್ತಾ?

ಕುರುಕಲು_ದಾವಣಗೆರೆ:
ನಾನೂ ನಮ್ಮ ವಾರಗಿತ್ತಿಯೂ ಸೇರಿ ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುತ್ತೇವೆ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿದೆ. ಕರಿಯುವುದಕ್ಕಿಂತ ಬೇರೆ ಕೆಲಸವೇ ಜಾಸ್ತಿ. ವಾಟ್ಸಾಪ್‌ನಲ್ಲಿ ಒಬ್ಬೊಬ್ಬರಿಗೂ ರೇಟು ಹೇಳಬೇಕು, ಲೇಬಲ್ ಮಾಡಿಸಬೇಕು, ಹಬ್ಬ ಬಂದರೆ ಪೋಸ್ಟರ್ ಬೇಕು, ಇಷ್ಟೆಲ್ಲಾ ಮಾಡಿ ಲಾಭ ಆಗ್ತಿದೆಯಾ ಅಂತಾನೇ ಗೊತ್ತಾಗುವುದಿಲ್ಲ. ಮಗಳು "ಎಐ ಕೇಳಮ್ಮ" ಅಂದು ಹಾಸ್ಟೆಲ್‌ಗೆ ಹೋದಳು. ಲ್ಯಾಪ್‌ಟಾಪ್ ಇಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಎಲ್ಲಿಂದ ಶುರು ಮಾಡಲಿ? ದುಡ್ಡು ಕಟ್ಟಬೇಕಾ?

ಲೆಕ್ಕದ_ಡೈರಿ:
ದುಡ್ಡು ಬೇಡ ಅಕ್ಕ. ಚಾಟ್‌ಜಿಪಿಟಿ, ಜೆಮಿನಿ ಅನ್ನುವ ಎಐ ಆ್ಯಪ್‌ಗಳು ಎರಡೂ ಫೋನಿನಲ್ಲಿ ಉಚಿತವಾಗಿ ಸಿಗುತ್ತವೆ. ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ.

ಮೊದಲು ಲಾಭದ ಲೆಕ್ಕ ಹಿಡಿಯಿರಿ. ಒಂದು ಒಬ್ಬೆಗೆ ಅಲ್ಲ, ಒಂದು ಇಡೀ ದಿನಕ್ಕೆ ಎಷ್ಟು ಹಿಟ್ಟು, ಬೆಣ್ಣೆ, ಎಳ್ಳು, ಗ್ಯಾಸ್, ಕವರ್, ಎಷ್ಟು ತುಂಡಾಗಿ ಮಾರಾಟಕ್ಕೆ ಬರಲಿಲ್ಲ, ಎಲ್ಲಾ ಎಐಗೆ ಹೇಳಿ. ಎಣ್ಣೆಯನ್ನು ಕರಿಯುವ ಮೊದಲು ತೂಕ ಮಾಡಿ, ಆಮೇಲೆ ಬಾಣಲೆಯಲ್ಲಿ ಉಳಿದದ್ದು ಆರಿದ ಮೇಲೆ ಮತ್ತೆ ತೂಗಿ. ಆ ವ್ಯತ್ಯಾಸವೇ ನಿಮ್ಮ ನಿಜವಾದ ಎಣ್ಣೆ ಖರ್ಚು. ಕೊನೆಗೆ ತಯಾರಾದ ಚಕ್ಕುಲಿಯ ತೂಕ. ಇವನ್ನು ಹೇಳದಿದ್ದರೆ ಅದು ತಾನೇ ಏನೋ ಅಂದಾಜು ಹಿಡಿದು ಕೆಜಿಗೆ ಇಷ್ಟು ಅಂತ ಧೈರ್ಯವಾಗಿ ಹೇಳಿಬಿಡುತ್ತದೆ. "ನಾನು ಕೊಡದ ಅಂಕಿ ಬೇಕಾದರೆ ನನ್ನನ್ನೇ ಕೇಳು, ನೀನೇ ಹಾಕಬೇಡ" ಅಂತ ಮೊದಲೇ ಹೇಳಿ, ತುಂಬಾ ವ್ಯತ್ಯಾಸ ಆಗುತ್ತದೆ. ಕೂಡಿದ್ದನ್ನು ಒಂದು ಸಲ ಕ್ಯಾಲ್ಕುಲೇಟರ್‌ನಲ್ಲಿ ನೋಡಿ. ನಿಮ್ಮಿಬ್ಬರ ಕೂಲಿಯನ್ನೂ ಸೇರಿಸಿ, ಎಲ್ಲರೂ ಮರೆಯುವುದು ಅದನ್ನೇ!

ಸುಮ್ನೆ_ಓದುಗ:
ರೇಟು ಹೇಳುವುದಕ್ಕೆ ಎಐ ಯಾಕೆ ಬೇಕು? ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಕ್ಯಾಟಲಾಗ್‌ನಲ್ಲಿ ಫೋಟೊ, ಬೆಲೆ ಇಟ್ಟರೆ ಮುಗಿಯಿತು. ಎಲ್ಲದಕ್ಕೂ ಎಐ ಅನ್ನುವುದು ಈಗ ಒಂದು ಚಟ ಆಗಿದೆ. ಅದು ಬರೆದ ಕನ್ನಡ ಓದಿದರೆ ಆಮಂತ್ರಣ ಪತ್ರಿಕೆ ಓದಿದ ಹಾಗಿರುತ್ತದೆ. ನಿಮ್ಮ ಗಿರಾಕಿಗಳು ನೀವು ಮಾತಾಡುವ ಹಾಗೆ ಬರೆದರೆ ಸಾಕು ಅನ್ನುತ್ತಾರೆ, ನೋಡಿ ಬೇಕಾದರೆ.

ಪ್ರಿಂಟಿಂಗ್_ಅಂಗಡಿ:
ಮೇಲಿನವರು ಹೇಳಿದ್ದು ರೇಟಿನ ವಿಷಯಕ್ಕೆ ಸರಿ. ಪೋಸ್ಟರ್ ಬಗ್ಗೆ ಒಂದು ಮಾತು. ಎಐ ಮಾಡಿಕೊಡುವ ಚಿತ್ರದೊಳಗೆ ಕನ್ನಡ ಅಕ್ಷರ ಹಾಕಿಸಲು ಹೋಗಬೇಡಿ, ಒತ್ತಕ್ಷರ ಬಹಳ ಸಲ ಕೆಟ್ಟುಹೋಗುತ್ತದೆ. ಚಿತ್ರ ಮಾತ್ರ ಮಾಡಿಸಿ, ಹೆಸರು, ಬೆಲೆಯನ್ನು ಪೋಸ್ಟರ್ ಮಾಡುವ ಕ್ಯಾನ್ವಾ ಆ್ಯಪ್‌ನಲ್ಲಿ ನೀವೇ ಟೈಪ್ ಮಾಡಿ. ಅದಕ್ಕಿಂತ ನಿಮ್ಮ ತಿಂಡಿಯ ಫೋಟೊನೇ ಹಾಕಿ. ಎಐ ಚಕ್ಕುಲಿಯ ಸುತ್ತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ದೇವರಿಗೇ ಗೊತ್ತು.

ಲೇಬಲ್‌ನ ಕರಡು ಎಐನಿಂದ ಬರೆಸಬಹುದು. ಆದರೆ ನಿಪ್ಪಟ್ಟಿಗೆ ಶೇಂಗಾ ಹಾಕುತ್ತೀರಲ್ಲ, ಅಲರ್ಜಿ ಇರುವವರಿಗೆ ಅದನ್ನು ತಿಳಿಸಲೇಬೇಕು, ಬಂದಿದೆಯಾ ನೋಡಿ. ಪದಾರ್ಥಗಳು ತೂಕ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಬರಬೇಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನು ನಿಮ್ಮ ಪತ್ರ ನೋಡಿಯೇ ಹಾಕಿ. ಎಷ್ಟು ದಿನದೊಳಗೆ ತಿನ್ನಬೇಕು ಅನ್ನುವುದನ್ನಂತೂ ಎಐ ಕೇಳಲೇಬೇಡಿ. ನಿಮ್ಮ ಎಣ್ಣೆ, ನಿಮ್ಮ ಕವರ್ ಅದಕ್ಕೇನು ಗೊತ್ತು?

ಕುರುಕಲು_ದಾವಣಗೆರೆ:
ಅಯ್ಯೋ, ಇಷ್ಟೊಂದು ಇದೆಯಾ! ಎಐ ಹತ್ತಿರ ಜಿಎಸ್‌ಟಿ ಕೇಳಿದ್ದಕ್ಕೆ 12 ಪರ್ಸೆಂಟ್ ಅಂತ ಹೇಳಿತು, ನಿಜವಾ?

ಲೆಕ್ಕದ_ಡೈರಿ:
ಹಳೇದು ಅಕ್ಕ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿದ ಇಂಥ ಖಾರದ ತಿಂಡಿಗೆ 12ರಿಂದ 5ಕ್ಕೆ ಇಳಿದಿದೆ. ಎಐ ಕಲಿತದ್ದು ಹಳೆಯ ಮಾಹಿತಿ ಆಗಿದ್ದರೆ ಹೀಗೇ ಆಗುತ್ತದೆ. ತೆರಿಗೆ, ಕಾನೂನು ಕೇಳುವಾಗ "ಇವತ್ತಿನದನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಸರ್ಕಾರಿ ಸೈಟಿನ ಲಿಂಕ್ ಕೊಡು" ಅನ್ನಿ, ಲಿಂಕ್ ತೆರೆದು ನೋಡಿ. ನೀವು ರಾಜ್ಯದೊಳಗೆ ಮಾತ್ರ ಮಾರುತ್ತಿದ್ದು ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಾಗುವುದಿಲ್ಲ. ಮತ್ತೆ ಗಿರಾಕಿಗಳ ಫೋನ್ ನಂಬರ್, ವಿಳಾಸ ಇರುವ ಆರ್ಡರ್ ಪಟ್ಟಿಯ ಫೋಟೊ ಹಾಗೇ ಎಐಗೆ ಕಳಿಸಬೇಡಿ, ಆ ಭಾಗ ಕ್ರಾಪ್ ಮಾಡಿ.

ಸುಮ್ನೆ_ಓದುಗ:
ಬೆಣ್ಣೆ ಚಕ್ಕುಲಿ ಬೆಂಗಳೂರಿಗೆ ಕೊರಿಯರ್ ಮಾಡ್ತೀರಾ?