ಸಹಾಯ ಬೇಕು: ಹದಿನೈದು ಕಾಳಿನ ಸೂಪ್ ಮಿಕ್ಸ್ ಕೊಳ್ಳಬಹುದೇ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ದಿನಸಿ ಅಂಗಡಿಗಳಲ್ಲಿ ಹದಿನೈದು ಬಗೆಯ ಒಣಕಾಳುಗಳನ್ನು ಬೆರೆಸಿ, ಜೊತೆಗೆ ಮಸಾಲೆಯ ಪುಟ್ಟ ಪೊಟ್ಟಣವನ್ನೂ ಇಟ್ಟು ಮಾರುವ ಸೂಪ್ ಮಿಕ್ಸ್ ಬಳಸಿದವರು ದಯವಿಟ್ಟು ಸಲಹೆ ನೀಡಬೇಕೆಂದು ಕೋರುತ್ತೇನೆ.

ನನ್ನ ಮುಖ್ಯ ಅನುಮಾನವಿರುವುದು ಬೇಯುವ ಹದದ ಬಗ್ಗೆ. ಮಸೂರ್ ಬೇಳೆ, ಒಡೆದ ಬಟಾಣಿ, ರಾಜ್ಮಾ, ಕಾಬೂಲಿ ಕಡಲೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದರೆ, ಕಡಲೆ ಮೆತ್ತಗಾಗುವಷ್ಟರಲ್ಲಿ ಬೇಳೆ ಪೂರ್ತಿ ಕರಗಿಹೋಗುತ್ತದೆ. ಸೂಪು ಮಂದವಾಗಲು ಅದೇ ಬೇಕೆಂದು ಹೇಳುವವರಿದ್ದಾರಾದರೂ, ಕಾಳು ಬಸಿದು ಬಸ್ಸಾರು ಮಾಡುವ ನಮ್ಮಂಥ ಮನೆಯವರಿಗೆ ಕಾಳು ಕಾಳಾಗಿಯೇ ಬಾಯಿಗೆ ಸಿಗಬೇಕು. ಬೇಳೆಯನ್ನು ಮೊದಲೇ ಆರಿಸಿ ತೆಗೆಯುತ್ತೀರಾ? ಪ್ರೆಷರ್ ಕುಕ್ಕರಿನಲ್ಲಾದರೆ ಎಷ್ಟು ಕೂಗು ಸಾಕು? ರಾಜ್ಮಾ ಇರುವುದರಿಂದ ನೆನೆಹಾಕಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕಾಗಿದ್ದು, ಹಸಿ ಕಾಳನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕುವ ಸಲಹೆ ಮಾತ್ರ ಬೇಡ.

ಇನ್ನು, ಕೆಲವು ಮಿಕ್ಸ್‌ಗಳ ಮಸಾಲೆಯಲ್ಲಿ ಉಪ್ಪು ವಿಪರೀತ, ಹಂದಿಮಾಂಸದ ಘಮವೂ ಇರುತ್ತದೆ. ಸಸ್ಯಾಹಾರಿಗಳಾದ ನಾವು ಅದನ್ನು ಎಸೆಯುವುದೇ ಆದರೆ, ಭಾರತೀಯ ಅಂಗಡಿಯಿಂದ ನಾಲ್ಕೈದು ಕಾಳುಗಳನ್ನು ಬಿಡಿಯಾಗಿ ತಂದು ಬೆರೆಸಿಕೊಳ್ಳುವುದು ಮೇಲಲ್ಲವೇ? ಎರಡನ್ನೂ ಮಾಡಿ ನೋಡಿದವರು ರುಚಿ ಮತ್ತು ಖರ್ಚಿನ ವ್ಯತ್ಯಾಸವನ್ನು ತಿಳಿಸಿದರೆ ಉಪಕಾರವಾಗುತ್ತದೆ.