ರೈಟ್‌ಕ್ಲಿಕ್ ಮೆನುವಿನ ಟಿಕ್ ಗುರುತು ಸ್ವಲ್ಪ ಹೊತ್ತಾದ ಮೇಲೆ ಉಲ್ಟಾ ಆಗುತ್ತಿದೆ

ಬಸವನಗುಡಿ_ಬಿಟ್ಸ್
ಕ್ರೋಮ್ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ), ಮ್ಯಾನಿಫೆಸ್ಟ್ ವಿ3 (ಎಕ್ಸ್‌ಟೆನ್ಷನ್ ನಿಯಮಗಳ ಮೂರನೇ ಆವೃತ್ತಿ). ಪುಟದ ಕನ್ನಡ ಅಕ್ಷರಗಳನ್ನಷ್ಟೇ ದೊಡ್ಡದು ಮಾಡುವುದು ಅದರ ಕೆಲಸ. ರೈಟ್‌ಕ್ಲಿಕ್ ಮೆನುವಿನಲ್ಲಿ ‘ಕನ್ನಡ ಅಕ್ಷರ ದೊಡ್ಡದಿರಲಿ’ ಎಂಬ ಚೆಕ್‌ಬಾಕ್ಸ್ ಇದೆ. ಮೊದಲ ಕ್ಲಿಕ್ ಸರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದರೆ ಟಿಕ್ ಹೋಗುತ್ತದೆ, ಅಕ್ಷರ ಮಾತ್ರ ದೊಡ್ಡದಾಗಿಯೇ ಉಳಿಯುತ್ತದೆ. ಎರರ್ ಪಟ್ಟಿಯಲ್ಲಿ ಡೂಪ್ಲಿಕೇಟ್ ಐಡಿ ಅಂತಲೂ ಬರುತ್ತಿದೆ. ಹ್ಯಾಂಡ್ಲರ್‌ನಲ್ಲಿ, ಅಂದರೆ ಕ್ಲಿಕ್ ಆದಾಗ ಓಡುವ ಕೋಡ್‌ನಲ್ಲಿ, ಇರುವುದು `ಆನ್ = !ಆನ್` (ಸ್ಥಿತಿಯನ್ನು ಉಲ್ಟಾ ಮಾಡುವ ಸಾಲು), ಆಮೇಲೆ ಟ್ಯಾಬ್‌ಗೆ ಮೆಸೇಜ್, ಅಷ್ಟೆ.

ಯಲಹಂಕ_ಡೆವ್
ತೊಂದರೆ ಇರುವುದು ಆ ಒಂದು ಸಾಲಿನಲ್ಲೇ. ಸರ್ವಿಸ್ ವರ್ಕರ್ (ಎಕ್ಸ್‌ಟೆನ್ಷನ್‌ನ ಹಿನ್ನೆಲೆಯಲ್ಲಿ ಓಡುವ ಕೋಡ್) 30 ಸೆಕೆಂಡ್ ಸುಮ್ಮನಿದ್ದರೆ ಕ್ರೋಮ್ ಅದನ್ನು ನಿಲ್ಲಿಸುತ್ತದೆ. ಮತ್ತೆ ಎದ್ದಾಗ `ಆನ್` ಮೊದಲಿನ ಫಾಲ್ಸ್‌ಗೆ ಬಂದಿರುತ್ತದೆ. ಟಿಕ್ ಗುರುತನ್ನು ಇಟ್ಟುಕೊಳ್ಳುವುದು ಬ್ರೌಸರ್, ಕ್ಲಿಕ್ ಆದಾಗ ಬದಲಿಸುವುದೂ ಅದೇ. ಹಾಗಾಗಿ ಟಿಕ್ ಹೋಯಿತು, ನಿಮ್ಮ ವೇರಿಯಬಲ್ ಟ್ರೂ ಆಯಿತು.

ನೀವು `ಆನ್` ಅನ್ನು ತಿರುಗಿಸಲೇ ಬೇಡಿ. ಮೆನು ಒತ್ತಿದಾಗ ಬರುವ ಆನ್‌ಕ್ಲಿಕ್ಡ್ ಈವೆಂಟ್‌ನಲ್ಲಿರುವ `ಇನ್ಫೋ.ಚೆಕ್ಡ್` ಕ್ಲಿಕ್ ಆದ ನಂತರದ ಸ್ಥಿತಿ, `ಇನ್ಫೋ.ವಾಸ್‌ಚೆಕ್ಡ್` ಅದರ ಹಿಂದಿನದು. ಮೊದಲನೆಯದನ್ನು ಹಾಗೇ `ಸ್ಟೋರೇಜ್.ಲೋಕಲ್`ಗೆ (ವರ್ಕರ್ ನಿಂತರೂ ಉಳಿಯುವ ಸಂಗ್ರಹ) ಬರೆಯಿರಿ. ಲಿಸನರ್ (ಈವೆಂಟ್ ಕೇಳಿಸಿಕೊಳ್ಳುವ ಕೋಡ್) ಫೈಲಿನ ಮೇಲ್ಮಟ್ಟದಲ್ಲೇ, ಯಾವ ಫಂಕ್ಷನ್ ಒಳಗೂ ಇಲ್ಲದೆ, ಇರಬೇಕು, ಅವೈಟ್ (ಉತ್ತರಕ್ಕೆ ಕಾಯುವ ಸಾಲು) ಆದ ಮೇಲೆ ಸೇರಿಸಿದರೆ ವರ್ಕರ್ ಎಬ್ಬಿಸಿದ ಕ್ಲಿಕ್ಕೇ ಕೈತಪ್ಪಬಹುದು.

ಡೂಪ್ಲಿಕೇಟ್ ಐಡಿ ಬರುವುದು ಮೆನು ಐಟಂ ಮಾಡುವ `ಕ್ರಿಯೇಟ್` ಯಾವ ಈವೆಂಟ್ ಒಳಗೂ ಇಲ್ಲದೆ ಹೊರಗಡೆ ಇರುವುದರಿಂದ: ವರ್ಕರ್ ಎದ್ದಾಗಲೆಲ್ಲ ಓಡುತ್ತದೆ, ಹಳೆಯ ಐಟಂ ಇನ್ನೂ ಅಲ್ಲೇ ಇರುತ್ತದೆ. ಅದನ್ನು ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಆದಾಗ ಬರುವ `ರನ್‌ಟೈಮ್.ಆನ್‌ಇನ್‌ಸ್ಟಾಲ್ಡ್` ಒಳಗೆ ಹಾಕಿ. ಮೊದಲು `ರಿಮೂವ್‌ಆಲ್`, ಆಮೇಲೆ ಸ್ಟೋರೇಜ್ ಓದಿ, ಅಲ್ಲಿರುವ ಸ್ಥಿತಿಯನ್ನೇ `ಚೆಕ್ಡ್`ಗೆ ಕೊಟ್ಟು `ಕ್ರಿಯೇಟ್`. ಎಕ್ಸ್‌ಟೆನ್ಷನ್ ಅಪ್‌ಡೇಟ್ ಆದಾಗಲೂ ಇದೇ ಈವೆಂಟ್ ಬರುವುದರಿಂದ, ಸುಮ್ಮನೆ ಫಾಲ್ಸ್ ಅಂತ ಬರೆದಿದ್ದರೆ ಬಳಸುವವರ ಆಯ್ಕೆ ಅಳಿಸಿಹೋಗುತ್ತದೆ. ಇನ್ನೊಂದು: `ಕ್ರಿಯೇಟ್` ಪ್ರಾಮಿಸ್ (ಅವೈಟ್ ಮಾಡಿ ಕಾಯಬಹುದಾದ ಉತ್ತರ) ಕೊಡುವುದಿಲ್ಲ. ಟ್ರೈ-ಕ್ಯಾಚ್‌ಗೆ ಈ ಎರರ್ ಸಿಗದು, ಕಾಲ್‌ಬ್ಯಾಕ್‌ನಲ್ಲಿ (ಕೆಲಸ ಮುಗಿದ ಮೇಲೆ ಓಡುವ ಫಂಕ್ಷನ್) `ಲಾಸ್ಟ್‌ಎರರ್` ನೋಡಬೇಕು.

ಟ್ಯಾಬ್‌ಗಾರ
ಪಾಪ್‌ಅಪ್‌ನಲ್ಲೂ ಇದೇ ಸ್ವಿಚ್ ಇದ್ದರೆ `ಸ್ಟೋರೇಜ್.ಆನ್‌ಚೇಂಜ್ಡ್` ಕೇಳಿಸಿಕೊಂಡು ಅಲ್ಲಿಂದಲೇ ಮೆನುವಿನ ಟಿಕ್ ಅನ್ನು `ಅಪ್‌ಡೇಟ್` ಮಾಡಿ. `ಅಪ್‌ಡೇಟ್`ನಿಂದ ಆನ್‌ಕ್ಲಿಕ್ಡ್ ಬರುವುದಿಲ್ಲ, ಸುತ್ತು ಬೀಳುವ ಭಯ ಬೇಡ.

ಬಸವನಗುಡಿ_ಬಿಟ್ಸ್
ಸರಿಹೋಯಿತು, ಇಬ್ಬರಿಗೂ ಥ್ಯಾಂಕ್ಸ್. ಸೈಟಿಗೊಂದು ಸ್ಥಿತಿ ಬೇಕೆಂದರೆ? ಬಿಎಂಟಿಸಿ ಪುಟದಲ್ಲಿ ಟಿಕ್ ಇರಬೇಕು, ಪಕ್ಕದ ಟ್ಯಾಬಿನ ಕನ್ನಡ ವಿಕಿಪೀಡಿಯದಲ್ಲಿ ಇರಬಾರದು.

ಯಲಹಂಕ_ಡೆವ್
ಐಟಂ ಒಂದೇ, ಟಿಕ್ಕೂ ಎಲ್ಲ ಟ್ಯಾಬ್‌ಗೂ ಒಂದೇ. ಫೈರ್‌ಫಾಕ್ಸ್‌ನಲ್ಲಿ ಸುಲಭ: ಮೆನು ತೆರೆದಾಗ ಬರುವ `ಮೆನುಸ್.ಆನ್‌ಶೋನ್` ಈವೆಂಟ್‌ನಲ್ಲಿ `ಅಪ್‌ಡೇಟ್`, ನಂತರ `ರಿಫ್ರೆಶ್`. ಕ್ರೋಮ್‌ನಲ್ಲಿ ಆ ಈವೆಂಟ್ ಇಲ್ಲ. ಮೆನು ತೆರೆಯುವ ಮುಂಚೆಯೇ ಟಿಕ್ ಸಿದ್ಧವಿರಬೇಕು. ಅದಕ್ಕೆ `ಟ್ಯಾಬ್ಸ್.ಆನ್‌ಆಕ್ಟಿವೇಟೆಡ್`, `ಟ್ಯಾಬ್ಸ್.ಆನ್‌ಅಪ್‌ಡೇಟೆಡ್`, `ವಿಂಡೋಸ್.ಆನ್‌ಫೋಕಸ್‌ಚೇಂಜ್ಡ್` ಮೂರನ್ನೂ ಹಿಡಿದು, ಹೋಸ್ಟ್ (ಸೈಟಿನ) ಹೆಸರಿನ ಕೀಲಿಯಲ್ಲಿ ಸ್ಟೋರೇಜ್ ನೋಡಿ `ಅಪ್‌ಡೇಟ್` ಮಾಡಿ. ಮೂರನೆಯದನ್ನು ಬಿಟ್ಟರೆ ಎರಡು ವಿಂಡೋ ತೆರೆದಿರುವವರಿಗೆ ತಪ್ಪು ಟಿಕ್ ಕಾಣುತ್ತದೆ.

ಯುಆರ್‌ಎಲ್ ಓದಲು ಆಕ್ಟಿವ್‌ಟ್ಯಾಬ್ ಅನುಮತಿ ಸಾಲದು, ಅದು ಬಳಸುವವರು ಎಕ್ಸ್‌ಟೆನ್ಷನ್ ಮುಟ್ಟಿದ ಮೇಲಷ್ಟೇ ಸಿಗುತ್ತದೆ. ಟ್ಯಾಬ್ಸ್ ಅನುಮತಿ ಅಥವಾ ಆ ಸೈಟುಗಳ ಹೋಸ್ಟ್ ಅನುಮತಿ ಬೇಕು. ನಾಲ್ಕೈದು ಸೈಟುಗಳಿಗಷ್ಟೇ ಆದರೆ ಹೋಸ್ಟ್ ಅನುಮತಿಯನ್ನೇ ಕೇಳಿ, ಬಳಸುವವರಿಗೆ ಬರುವ ಎಚ್ಚರಿಕೆ ಆ ಸೈಟುಗಳಿಗೆ ಮಾತ್ರ ಸೀಮಿತವಾಗುತ್ತದೆ.