ಪದ ಬೇಕು: ಫಲಕದಲ್ಲಿ ‘ಸ್ಟ್ಯಾಟಿಸ್ಟಿಕ್ಸ್’ಗೆ ಏನೆಂದು ಬರೆಸಲಿ?

ಬದಿಯಡ್ಕದಿಂದ:
ಸೋಮವಾರ ಪೇಂಟರ್ ಬರುತ್ತಾರೆ. ಇಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕಾಲೇಜಿನ ವಿಭಾಗದ ಬಾಗಿಲಿಗೆ ತ್ರಿಭಾಷಾ ಫಲಕ, ಅಗಲ ಎರಡೇ ಅಡಿ. ಮಲಯಾಳದ ‘ಸ್ಥಿತಿವಿವರಕ್ಕಣಕ್ಕ್’ ಸಿದ್ಧವಿದೆ. ಕನ್ನಡಕ್ಕೆ ‘ಸಂಖ್ಯಾಶಾಸ್ತ್ರ’ ಎಂದು ಬರೆದುಕೊಟ್ಟೆ. ಅದನ್ನು ಓದಿದ ಪೇಂಟರ್, ಮಗಳ ಹೆಸರಿಗೆ ಇನ್ನೊಂದು ಅಕ್ಷರ ಸೇರಿಸಿದರೆ ಮದುವೆ ಕೂಡಿಬರುತ್ತದೆಯೇ ಎಂದು ಕೇಳಿದರು! ‘ಸಾಂಖ್ಯಿಕ’ ಬರಿಯ ವಿಶೇಷಣ, ಒಂಟಿಯಾಗಿ ನಿಲ್ಲದು. ಬೇರೇನಾದರೂ ಇದೆಯೇ?

ಮಂಜೇಶ್ವರದಿಂದ:
‘ಸ್ಥಿತಿವಿವರ’ ಎಂದೇ ಬರೆಸಿ. ಸಂಸ್ಕೃತ ಮಲಯಾಳದ ಸ್ವತ್ತೇನಲ್ಲ. 1749ರಲ್ಲಿ ಜರ್ಮನಿಯ ಆಖೆನ್‌ವಾಲ್ ‘ಸ್ಟಾಟಿಸ್ಟಿಕ್’ ಎಂದದ್ದು ರಾಜ್ಯಗಳ ಆಡಳಿತ, ಸಂಪತ್ತುಗಳ ವರ್ಣನೆಗೆ. ಸ್ಕಾಟ್ಲೆಂಡಿನ ಸಿಂಕ್ಲೇರ್ 1791ರಿಂದ ಪಾದ್ರಿಗಳ ಕೈಯಲ್ಲಿ ಊರೂರಿನ ವಿವರ ಬರೆಯಿಸಿ ಆ ಪದವನ್ನು ಇಂಗ್ಲಿಷಿನಲ್ಲಿ ಬಳಕೆಗೆ ತಂದರು. ಲೆಕ್ಕದ ಯಜಮಾನಿಕೆ ಆಮೇಲಿನದು.

ಪೆರ್ಲದಿಂದ:
ತಪ್ಪು. ಅಲ್ಲಿಯ ‘ಸ್ಟಾಟ್’ ರಾಜ್ಯ, ಸ್ಥಿತಿಯಲ್ಲ. ‘ಸ್ಥಾ’ ಧಾತುವಿನ ನೆಂಟಸ್ತಿಕೆ ಇದ್ದಮಾತ್ರಕ್ಕೆ ಅರ್ಥ ಒಂದಾಗದು. ಭಾರತದಲ್ಲಿ ಈ ಶಾಸ್ತ್ರವನ್ನು ಕಟ್ಟಿದ ಮಹಲನೋಬಿಸ್ 1933ರಲ್ಲಿ ಅದರ ಪತ್ರಿಕೆಗೆ ‘ಸಂಖ್ಯಾ’ ಎಂದು ಹೆಸರಿಟ್ಟಾಗ, ಆ ಪದದ ಮೂಲಾರ್ಥ ನಿಶ್ಚಿತ ಜ್ಞಾನ ಎಂದಿದ್ದರು. ಜ್ಯೋತಿಷಿಗಳಿಗೆ ಹೆದರಿ ಅಂಥ ಪದವನ್ನು ಬಿಟ್ಟುಕೊಡಬೇಕೇ? ಇಲ್ಲಿಯ ಅರ್ಜಿ ನಮೂನೆಗಳಲ್ಲಿ ಮಲಯಾಳವನ್ನೇ ಕನ್ನಡ ಲಿಪಿಯಲ್ಲಿ ಓದಿ ಓದಿ ಸಾಕಾಗಿದೆ. ಬಾಗಿಲ ಮೇಲೂ ಬೇಡ. ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ ಶಾಸ್ತ್ರಕ್ಕೆ ನಾವು ಹೆಸರಿನ ಸಾಲ ಮಾಡುವುದೇ?

ಮಡಕಶಿರದಿಂದ:
ರಾವ್ ಅವರ ಮನೆಮಾತು ತೆಲುಗು. ಇಷ್ಟೇ.

ಮುಳ್ಳೇರಿಯದಿಂದ:
ಎಣಿಕೆಯರಿಮೆ. ಸಂಸ್ಕೃತದ ಸಾಲ ಮಾತ್ರ ನಿಮಗೆ ಸಾಲವಲ್ಲವೇ?

ಪೆರ್ಲದಿಂದ:
ಎಣಿಕೆ ಎಂದರೆ ಜನಗಣತಿ. ಹತ್ತು ಅಡಕೆ ಸೀಳಿ ನೋಡಿ ಇಡೀ ಗೋಣಿಯ ಗುಣ ಹೇಳುವುದು, ಎಷ್ಟು ತಪ್ಪಬಹುದೆಂಬುದನ್ನೂ ಜೊತೆಗೇ ಹೇಳುವುದು ಈ ವಿದ್ಯೆ. ಅದಕ್ಕೆ ಎಣಿಕೆ ಸಾಲದು, ಅಂದಾಜು ಬೇಕು.

ಮುಳ್ಳೇರಿಯದಿಂದ:
‘ಅಂದಾಜು’ ಪಾರಸಿ. ಮಲಯಾಳ ಮೈಲಿಗೆ, ಪಾರಸಿ ಮಡಿ!

ಮಂಜೇಶ್ವರದಿಂದ:
ಎರವಲು ಬೇಡವೆಂದರೆ ಮೊದಲು ‘ಕಾಲೇಜು’ ಕೆಡವಬೇಕಾದೀತು. ಪೇಂಟರ್ ಸೋಮವಾರ ಬರುತ್ತಾರೆ, ನೆನಪಿರಲಿ.

ಬದಿಯಡ್ಕದಿಂದ:
‘ಸಂಖ್ಯಾಶಾಸ್ತ್ರ’ ಎಂದೇ ಬರೆಸುತ್ತೇನೆ. ಜಾತಕ ಹಿಡಿದು ಬಂದವರಿಗೆ ನಾನೇ ಉತ್ತರ ಹೇಳಿಕೊಳ್ಳುತ್ತೇನೆ. ಕೆಳಗೆ ಒಂದು ಸಾಲಿನಷ್ಟು ಜಾಗ ಬಿಡಿಸಿದ್ದೇನೆ, ಮುಂದೆ ‘ದತ್ತಾಂಶ ವಿಜ್ಞಾನ’ವೂ ಸೇರುತ್ತದಂತೆ. ದತ್ತ ಎಂದರೆ ಯಾರು ಕೊಟ್ಟದ್ದು ಎಂದು ದಯವಿಟ್ಟು ಯಾರೂ ಆರಂಭಿಸಬೇಡಿ.

ಮಂಜೇಶ್ವರದಿಂದ:
ಲ್ಯಾಟಿನ್ನಿನ ‘ಡಾಟಾ’ ಎಂದರೂ ಕೊಟ್ಟವುಗಳೇ. ಧಾತುವೂ ಒಂದೇ. ಆರಂಭಿಸಿದ್ದೇನೆ.